ಇಂದಿನ ಧಮ್ಮ ಚಿಂತನೆ: ನಮ್ಮ ಮದುವೆಯಲ್ಲಿ ನಾವು ಕುಣಿಯಬಹುದೇ?



ಕಳೆದ ಭಾನುವಾರ ಅಧ್ಯಯನ ಮುಗಿದು ಚಾಪೆ ಸುತ್ತಿಡುವಾಗ ಬಳಗದ ಒಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. ಕುರೆಕುಪ್ಪದವನೇ, ನನ್ನ ಹಳೆಯ ವಿದ್ಯಾರ್ಥಿ. ಈಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮುಂದಿನ ತಿಂಗಳು ಅವನ ಮದುವೆ.

"ಸರ್, ಆರತಕ್ಷತೆ ದಿನ ಇಬ್ಬರೂ ಸೇರಿ ಒಂದು ಹಾಡಿಗೆ ಕುಣಿಯೋಣ ಅಂತಾಳೆ ಆಕೆ. ನನಗೆ ಕುಲುಮೆ ಮುಂದೆ ನಿಲ್ಲೋಕೂ ಇಷ್ಟು ಭಯ ಇಲ್ಲ. ಈಗಲೇ ಕೈಕಾಲು ತಣ್ಣಗಾಗ್ತಾವ. ಅದೂ ಅಲ್ಲದೆ ನಾವು ಶೀಲ ತಗೊಂಡೋರು, ಕುಣಿಯೋದು ತಪ್ಪಲ್ವಾ? ತಪ್ಪು ಅಂತ ನೀವೊಂದು ಮಾತು ಹೇಳಿಬಿಟ್ರೆ ನಾನು ಪಾರು" ಎಂದ.

ಕೊನೆಯ ಮಾತಿಗೆ ಇಬ್ಬರೂ ನಕ್ಕೆವು. ಆದರೆ ಪ್ರಶ್ನೆ ಸಣ್ಣದಲ್ಲ ಅನ್ನಿಸಿತು. ಬರೆದು ತಿಳಿಸುತ್ತೇನೆ ಎಂದೆ. ಅವನ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಎಲ್ಲರಿಗೂ ಬರೆಯುತ್ತಿದ್ದೇನೆ. ಮದುವೆ ಕಾಲ ಬಂದಿದೆ, ಇನ್ನೂ ಕೆಲವರಿಗೆ ಉಪಯೋಗವಾಗಬಹುದು.

*1. ಶೀಲ ಏನು ಹೇಳುತ್ತದೆ?*

ಮೊದಲು ನೇರ ಉತ್ತರ. ಗೃಹಸ್ಥರಾದ ನಾವು ತೆಗೆದುಕೊಂಡಿರುವುದು ಪಂಚಶೀಲ. ಕೊಲ್ಲುವುದಿಲ್ಲ, ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲ, ಕಾಮದಲ್ಲಿ ತಪ್ಪಿ ನಡೆಯುವುದಿಲ್ಲ, ಸುಳ್ಳಾಡುವುದಿಲ್ಲ, ಮತ್ತು ಬರಿಸುವುದನ್ನು ಮುಟ್ಟುವುದಿಲ್ಲ. ಈ ಐದರಲ್ಲಿ ಕುಣಿತದ ಮಾತಿಲ್ಲ. ಕುಣಿತ, ಹಾಡು, ವಾದ್ಯ, ಆಟ ನೋಡುವುದನ್ನು ಬಿಡುವ ಮಾತು ಬರುವುದು ಅಷ್ಟಶೀಲದ ಏಳನೆಯದರಲ್ಲಿ. ಅದು ಉಪೋಸಥದ ದಿನ ಪಾಲಿಸುವಂಥದ್ದು. ಅದೇ ಏಳನೆಯ ಶೀಲದಲ್ಲಿ ಹೂಮಾಲೆ, ಸುಗಂಧ, ಅಲಂಕಾರವನ್ನೂ ಬಿಡಬೇಕು. ಮೂರನೆಯದರಲ್ಲಿ ಬ್ರಹ್ಮಚರ್ಯ ಪಾಲಿಸಬೇಕು. ಮದುವೆಯ ದಿನ ಮದುಮಗ ಅಷ್ಟಶೀಲ ತೆಗೆದುಕೊಂಡರೆ ಮದುಮಗಳು ಏನು ಮಾಡಬೇಕು?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕುಣಿತದ ನಿಷೇಧವಿಲ್ಲ. ಮದ್ಯದ ನಿಷೇಧ ಇದೆ. ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತವರು ಎಂಬುದನ್ನೂ ನೆನಪಿಡೋಣ.

ಹಾಗಾದರೆ ಬುದ್ಧರು ಕುಣಿತದ ಬಗ್ಗೆ ಕಟುವಾಗಿ ಮಾತನಾಡಿಲ್ಲವೇ? ಮಾತನಾಡಿದ್ದಾರೆ, ಅದನ್ನು ಮುಚ್ಚಿಡಬಾರದು. ಅಂಗುತ್ತರ ನಿಕಾಯದ ಒಂದು ಸುತ್ತದಲ್ಲಿ ಹಾಡನ್ನು ಅಳುವಿಗೂ ಕುಣಿತವನ್ನು ಹುಚ್ಚಿಗೂ ಹೋಲಿಸಿ, ಧಮ್ಮದಲ್ಲಿ ಸಂತೋಷವಾದರೆ ಮುಗುಳ್ನಗೆ ಸಾಕು ಎಂಬರ್ಥದಲ್ಲಿ ಹೇಳುತ್ತಾರೆ. ಆದರೆ ಅಲ್ಲಿ ಎದುರಿಗೆ ಕೂತಿರುವವರು ಭಿಕ್ಖುಗಳು. ಮನೆ ಬಿಟ್ಟು ಬಂದವರಿಗೆ ಹೇಳಿದ್ದನ್ನು ಮನೆ ಕಟ್ಟಲು ಹೊರಟವನ ಮೇಲೆ ಹೊರಿಸಬಾರದು.

ಗೃಹಸ್ಥನಾದ ಸಿಗಾಲನಿಗೆ ಹೇಳಿದ್ದು ಬೇರೆ. ಸಿಗಾಲೋವಾದ ಸುತ್ತದಲ್ಲಿ, ಎಲ್ಲಿ ಕುಣಿತ ಇದೆ, ಎಲ್ಲಿ ಹಾಡು ಇದೆ ಎಂದು ಜಾತ್ರೆಯಿಂದ ಜಾತ್ರೆಗೆ ಅಲೆಯುವುದು ಸಂಪತ್ತು ಕರಗುವ ಆರು ದಾರಿಗಳಲ್ಲಿ ಒಂದು ಎನ್ನುತ್ತಾರೆ. ಅಲ್ಲಿನ ದೋಷ ಚಟ, ದುಡಿಮೆಯ ಮರೆವು. ಇನ್ನು ತಾಲಪುಟ ಎಂಬ ನಟರ ಮುಖ್ಯಸ್ಥನಿಗೆ, ಅವನು ಮೂರು ಸಲ ಕೇಳಿದ ಮೇಲೆ ಕೊಟ್ಟ ಉತ್ತರ: ಮೊದಲೇ ರಾಗ, ದ್ವೇಷ, ಮೋಹದಲ್ಲಿ ಸಿಕ್ಕಿಬಿದ್ದ ಜನರಲ್ಲಿ ಅವನ್ನೇ ಇನ್ನಷ್ಟು ಹೆಚ್ಚಿಸುವ ಆಟ ಹಿತವಲ್ಲ. ಮತ್ತೊಂದು ಕಡೆ, ದೀಘ ನಿಕಾಯದ ಸಕ್ಕಪಞ್ಹ ಸುತ್ತದಲ್ಲಿ ಪಂಚಸಿಖ ಎಂಬ ಗಂಧರ್ವ ವೀಣೆ ನುಡಿಸಿ ತನ್ನ ಪ್ರೇಯಸಿಯ ಬಗ್ಗೆ ಹಾಡುತ್ತಾನೆ. ಬುದ್ಧರು ಅವನನ್ನು ಗದರುವುದಿಲ್ಲ. ತಂತಿಯ ದನಿಗೂ ಕಂಠದ ದನಿಗೂ ಚೆನ್ನಾಗಿ ಹೊಂದಿಕೆಯಾಗಿದೆ ಎಂದು ಮೆಚ್ಚುತ್ತಾರೆ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅಳತೆಗೋಲು ಒಂದೇ. ಈ ಕುಣಿತದಿಂದ ನನ್ನಲ್ಲಿ, ನೋಡುವವರಲ್ಲಿ ಏನು ಹೆಚ್ಚುತ್ತದೆ? ಆಸೆ, ಅಸೂಯೆ, ಅಮಲು ಹೆಚ್ಚುವುದಾದರೆ ಬೇಡ. ಪ್ರೀತಿ, ಮುದಿತೆ ಹೆಚ್ಚುವುದಾದರೆ ತಡೆಯಲು ಕಾರಣವಿಲ್ಲ. ಮುದಿತೆ ಎಂದರೆ ಇನ್ನೊಬ್ಬರ ಸಂತೋಷದಲ್ಲಿ ಸಂತೋಷಪಡುವುದು. ಮದುವೆಗೆ ಬಂದವರು ತರುವ ನಿಜವಾದ ಉಡುಗೊರೆ ಅದೇ ಅಲ್ಲವೇ?

ಆದ್ದರಿಂದ ತಮ್ಮಾ, ಶೀಲದ ಹೆಸರು ಹೇಳಿ ನೀನು ಪಾರಾಗುವ ಹಾಗಿಲ್ಲ. ನಿನ್ನ ಅಳುಕಿನ ಬೇರು ಶೀಲದಲ್ಲಿಲ್ಲ, ಬೇರೆ ಕಡೆ ಇದೆ. ಅದನ್ನು ನಾನು ಹೇಗೆ ಬಲ್ಲೆ ಎಂದರೆ, ಹದಿನೆಂಟು ವರ್ಷಗಳ ಹಿಂದೆ ನಾನೂ ಅದನ್ನೇ ಮಾಡಿದ್ದೆ.

*2. ನನ್ನ ಮದುವೆಯ ದಿನ*

ನನ್ನ ಮದುವೆ ಆದದ್ದು 2007ರ ಬೇಸಿಗೆಯಲ್ಲಿ, ಇದೇ ಕುರೆಕುಪ್ಪದ ನಮ್ಮ ಕೇರಿಯಲ್ಲಿ, ಮನೆ ಮುಂದೆ ಹಾಕಿದ ಹಂದರದಲ್ಲಿ. ಎಂ.ಎ. ಮುಗಿಸಿ ಹೊಸದಾಗಿ ಶಾಲೆಗೆ ಸೇರಿದ್ದೆ. ಬುದ್ಧರ, ಬಾಬಾಸಾಹೇಬರ ಪಟದ ಮುಂದೆ ತಿಸರಣ, ಪಂಚಶೀಲ ಹೇಳಿ ಮದುವೆಯಾದೆವು. ಶಾಲೆಯ ಸಹೋದ್ಯೋಗಿಗಳು ಬಂದು ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ನಮ್ಮ ಕೇರಿಗೆ ಅವರೆಲ್ಲ ಬಂದದ್ದು ಅದೇ ಮೊದಲು. ಏನೂ ಹೆಚ್ಚು ಕಡಿಮೆ ಆಗಬಾರದು ಎಂದು ನಾನು ಬೆಳಗಿನಿಂದ ಬಿಗಿದುಕೊಂಡಿದ್ದೆ.

ನಮ್ಮಪ್ಪ ಹಲಗಿ ಬಾರಿಸುತ್ತಿದ್ದವರು. ಊರ ಜಾತ್ರೆಗೆ, ದೊಡ್ಡವರ ಮನೆಯ ಮದುವೆಗೆ ವೀಳ್ಯ ಬಂದರೆ ಹೋಗುತ್ತಿದ್ದರು. ಹಂದರದ ಹೊರಗೆ ನಿಂತು ಬಾರಿಸಿ, ಎಲ್ಲರದ್ದೂ ಆದ ಮೇಲೆ ಉಂಡು, ಕೊಟ್ಟಷ್ಟು ತೆಗೆದುಕೊಂಡು ಬರುತ್ತಿದ್ದರು. ಹಲಗಿ ಬಾರಿಸುವವರು ಸುಮ್ಮನೆ ನಿಲ್ಲುವುದಿಲ್ಲ, ಬಾರಿಸುತ್ತಲೇ ಹೆಜ್ಜೆ ಹಾಕುತ್ತಾರೆ. ಚಿಕ್ಕವನಿದ್ದಾಗ ನಾನು ಅಪ್ಪನ ಹಿಂದೆ ಹೋಗಿ ಅದೇ ಹೆಜ್ಜೆ ಹಾಕುತ್ತಿದ್ದೆ. ಹೈಸ್ಕೂಲಿಗೆ ಬಂದ ಮೇಲೆ ಬಿಟ್ಟೆ. ಕಾಲೇಜಿಗೆ ಹೋದ ಮೇಲೆ ಅಪ್ಪನೂ ಬಿಡಲಿ ಎಂದು ಜಗಳ ತೆಗೆದೆ. ಜಾತಿಯ ಕಾರಣಕ್ಕೆ ತಲೆಗೆ ಕಟ್ಟಿದ ಕೆಲಸ ಅದು, ಬಾಬಾಸಾಹೇಬರು ಬಿಡಿ ಎಂದದ್ದು ಇಂಥದ್ದನ್ನೇ ಎಂದು ವಾದಿಸಿದ್ದೆ. ಅಪ್ಪ ಎದುರು ಮಾತನಾಡಲಿಲ್ಲ. ಕೊನೆಗೆ ಹಲಗಿಯನ್ನು ಗೂಟಕ್ಕೆ ನೇತುಹಾಕಿದರು. ಆ ವಾದ ತಪ್ಪೆಂದು ನಾನು ಇವತ್ತೂ ಹೇಳುವುದಿಲ್ಲ.

ಮದುವೆಯ ದಿನ ಊಟ ಮುಗಿದ ಮೇಲೆ ಅಪ್ಪ ಒಳಗೆ ಹೋಗಿ ಹಲಗಿ ಇಳಿಸಿಕೊಂಡು ಬಂದರು. ಜೋಳದ ಸೊಪ್ಪಿಗೆ ಬೆಂಕಿ ಹಾಕಿ ಚರ್ಮ ಕಾಯಿಸಿದರು. ಎರಡು ಏಟು ಹಾಕಿ ದನಿ ನೋಡಿದರು. ಬಾರಿಸುತ್ತ ನೇರ ನನ್ನ ಮುಂದೆ ಬಂದು, "ಬಾರಪ್ಪ, ಎರಡು ಹೆಜ್ಜಿ ಹಾಕು" ಎಂದರು.

ನಾನು ಕುರ್ಚಿಗಳ ಕಡೆ ನೋಡಿದೆ. ಆಮೇಲೆ ಮೆಲ್ಲಗೆ, "ಅಪ್ಪಾ, ಇದೆಲ್ಲ ಬ್ಯಾಡ. ಬ್ಯಾಂಡಿನೋರು ಅದಾರಲ್ಲ" ಎಂದೆ.

ಅಪ್ಪ ಒಂದು ಸಲ ನಕ್ಕರು. ಸರಿ ಎಂಬಂತೆ ತಲೆ ಆಡಿಸಿ ಒಳಗೆ ಹೋಗಿ ಹಲಗಿಯನ್ನು ಅದೇ ಗೂಟಕ್ಕೆ ಹಾಕಿದರು. ಬ್ಯಾಂಡಿನವರು ಸಿನಿಮಾ ಹಾಡು ನುಡಿಸಿದರು. ನಾನು ಮರದ ಬೊಂಬೆಯ ಹಾಗೆ ಫೋಟೋಗೆ ನಿಂತೆ. ಎಂಟು ವರ್ಷ ಆದ ಮೇಲೆ ಅಪ್ಪ ತೀರಿಕೊಂಡರು. ಆ ದಿನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ಕ್ಷಮೆ ಕೇಳಲು ನನಗೊಂದು ದಾರಿ ಇರುತ್ತಿತ್ತು.

ಅಪ್ಪ ಹೋದ ಮೇಲೆ ಒಂದು ದಿನ ನನ್ನ ಹೆಂಡತಿ ಹೇಳಿದಳು: "ನೀವು ಒಂದು ಹೆಜ್ಜೆ ಇಟ್ಟಿದ್ದರೆ ನಾನೂ ಬರ್ತಿದ್ದೆ. ಮಾವನೋರು ಅವತ್ತು ಯಾರ ವೀಳ್ಯಕ್ಕೂ ಬಾರಿಸ್ತಾ ಇರಲಿಲ್ಲ."

ಎಂ.ಎ. ಓದಿದ ನನಗೆ ಕಾಣದ್ದು ಆಕೆಗೆ ಅದೇ ದಿನ ಕಂಡಿತ್ತು. ಯಾರೂ ಕರೆಯದೆ, ಯಾರೂ ಕೂಲಿ ಕೊಡದೆ, ತನ್ನ ಸಂತೋಷಕ್ಕಾಗಿ ಅಪ್ಪ ಹಲಗಿ ಹಿಡಿದ ಮೊದಲ ಮದುವೆ ಅದು. ಅದನ್ನೇ ನಾನು ನಿಲ್ಲಿಸಿದೆ. ನಿಲ್ಲಿಸಿ, ಅದಕ್ಕೆ ಸ್ವಾಭಿಮಾನ ಎಂಬ ಹೆಸರು ಕೊಟ್ಟುಕೊಂಡೆ.

*3. ಎರಡು ಬಗೆಯ ನಾಚಿಕೆ*

ಇಲ್ಲಿ ಧಮ್ಮದ ಮೂರು ಪದ ಕಲಿಯೋಣ.

ಮೊದಲ ಎರಡು *ಹಿರಿ* ಮತ್ತು *ಒತ್ತಪ್ಪ*. ಹಿರಿ ಎಂದರೆ ಕೆಟ್ಟದ್ದನ್ನು ಮಾಡಲು ಒಳಗಿನಿಂದ ಬರುವ ನಾಚಿಕೆ. ಒತ್ತಪ್ಪ ಎಂದರೆ ಕೆಟ್ಟದ್ದರ ಫಲದ ಭಯ. ಇವೆರಡೂ ಲೋಕವನ್ನು ಕಾಯುವ ಗುಣಗಳು ಎಂದು ಬುದ್ಧರು ಹೇಳುತ್ತಾರೆ. ಇವು ಇಲ್ಲದಿದ್ದರೆ ತಾಯಿ, ಚಿಕ್ಕಮ್ಮ, ಗುರುಪತ್ನಿ ಎಂಬ ಭೇದವೂ ಮನುಷ್ಯನಿಗೆ ಉಳಿಯುವುದಿಲ್ಲ. ಆದ್ದರಿಂದ ನಾಚಿಕೆಯೆಲ್ಲ ಕೆಟ್ಟದ್ದು, ಅದನ್ನು ಕಿತ್ತೆಸೆಯಬೇಕು ಎಂದು ಈಗಿನವರು ಹೇಳುವುದು ಪೂರ್ತಿ ಸರಿಯಲ್ಲ.

ಮೂರನೆಯದು *ಮಾನ*. ಕನ್ನಡದಲ್ಲಿ ಮಾನ ಎಂದರೆ ಮರ್ಯಾದೆ. ಪಾಳಿಯಲ್ಲಿ ಮಾನ ಎಂದರೆ ತನ್ನನ್ನು ಇನ್ನೊಬ್ಬರ ಪಕ್ಕ ಇಟ್ಟು ಅಳೆಯುವ ಚಟ. ಅದು ಮೂರು ವೇಷದಲ್ಲಿ ಬರುತ್ತದೆ: ನಾನು ಮೇಲು, ನಾನು ಸಮ, ನಾನು ಕೀಳು. "ನಾನು ಕೀಳು" ಎಂಬುದು ವಿನಯದ ಹಾಗೆ ಕಾಣುತ್ತದೆ, ಅದೂ ಮಾನವೇ. "ನನಗೆ ಕುಣಿಯಲು ಬರುವುದಿಲ್ಲ, ಎಲ್ಲರೂ ನಗುತ್ತಾರೆ" ಎಂದು ಒಳಗೇ ಸಂಕಟಪಡುವಾಗ ನಡೆಯುತ್ತಿರುವುದು ಈ ಅಳತೆಯ ಕೆಲಸ.

ಸ್ವಾಭಿಮಾನ ಇವುಗಳಲ್ಲಿ ಯಾವುದು? ನಮ್ಮ ಜನರಿಗೆ ಇದು ಪುಸ್ತಕದ ಪ್ರಶ್ನೆಯಲ್ಲ. ತಲೆಮಾರುಗಳು ಹೋರಾಡಿ ಗಳಿಸಿದ್ದು ಅದು, ಅದನ್ನು ಅಹಂಕಾರದ ಲೆಕ್ಕಕ್ಕೆ ಸೇರಿಸಿದರೆ ದೊಡ್ಡ ತಪ್ಪಾಗುತ್ತದೆ. ನಾನು ಕಂಡುಕೊಂಡ ವ್ಯತ್ಯಾಸ ಇಷ್ಟು. ಅನ್ಯಾಯದ ಮುಂದೆ ಬಾಗುವುದಿಲ್ಲ ಎನ್ನುವುದು ಸ್ವಾಭಿಮಾನ. ನೋಡುವವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ ಎಂದು ಬಿಗಿದುಕೊಳ್ಳುವುದು ಮಾನ. ದೊಡ್ಡವರ ಹಂದರದ ಹೊರಗೆ ನಿಂತು ಬಾರಿಸುವುದಿಲ್ಲ ಎಂದಾಗ ನಾನು ಮಾತನಾಡಿದ್ದು ಸ್ವಾಭಿಮಾನದಿಂದ. ನಮ್ಮದೇ ಹಂದರದೊಳಗೆ ಅಪ್ಪ ಕೈ ಚಾಚಿದಾಗ ಹಿಂದೆ ಸರಿದದ್ದು ಮಾನದಿಂದ. ಎರಡೂ ಸಲ ಹಲಗಿ ಅದೇ, ಅಪ್ಪನೂ ಅವರೇ. ನಾಚಬೇಕಾದದ್ದು ಕುಣಿಯುವುದಕ್ಕಲ್ಲ, ಅಪ್ಪನ ಬಗ್ಗೆ ನಾಚಿಕೊಂಡದ್ದಕ್ಕೆ. ಹಿರಿ ಎಚ್ಚರವಾಗಬೇಕಿದ್ದ ಜಾಗದಲ್ಲಿ ಮಾನ ಎದ್ದು ನಿಂತಿತ್ತು.

ಅದೇ ವಾದ್ಯ ದಲಿತ ಚಳವಳಿಯ ಜಾಥಾಗಳಲ್ಲಿ ಹೋರಾಟದ ದನಿಯಾಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಕಡೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಟಿವಿಯಲ್ಲಿ ಅದನ್ನು ನೋಡುವಾಗ ಅಪ್ಪ ಇರಬೇಕಿತ್ತು ಅನ್ನಿಸಿತು. ಆದರೆ ಪ್ರಶಸ್ತಿ ಬಂದ ಮೇಲೆ ಗೌರವಿಸುವುದು ಸುಲಭ, ನನ್ನ ಪರೀಕ್ಷೆ ನಡೆದದ್ದು 2007ರಲ್ಲಿ.

*4. ನೋಡುವವರ ಕಣ್ಣು*

ತಮ್ಮನ ಭಯದಲ್ಲಿ ಬಹುಪಾಲು "ಜನ ಏನಂತಾರೋ" ಎಂಬುದೇ. ಇದಕ್ಕೆ ಧಮ್ಮಪದದ 227ನೇ ಗಾಥೆಯ ಹಿಂದಿನ ಕಥೆ ಒಳ್ಳೆಯ ಮದ್ದು.

ಸಾವತ್ಥಿಯಲ್ಲಿ ಅತುಲ ಎಂಬ ಉಪಾಸಕ ತನ್ನ ಜೊತೆಗಾರರನ್ನು ಕರೆದುಕೊಂಡು ಧಮ್ಮ ಕೇಳಲು ಹೊರಟ. ರೇವತ ಥೇರರು ಮೌನವಾಗಿದ್ದರು, ಇವನಿಗೆ ಸಿಟ್ಟು ಬಂತು. ಸಾರಿಪುತ್ತರು ವಿಸ್ತಾರವಾಗಿ ಹೇಳಿದರು, ಇಷ್ಟುದ್ದ ಯಾರು ಕೇಳುತ್ತಾರೆ ಎಂದು ಸಿಟ್ಟು. ಆನಂದರು ಚುಟುಕಾಗಿ ಹೇಳಿದರು, ಇಷ್ಟೇನಾ ಎಂದು ಸಿಟ್ಟು. ಕೊನೆಗೆ ಬುದ್ಧರ ಬಳಿ ದೂರಿದ. ಇದು ಇಂದು ನಿನ್ನೆಯದಲ್ಲ, ಸುಮ್ಮನಿದ್ದರೂ ಹೆಚ್ಚು ಮಾತನಾಡಿದರೂ ಹಿತಮಿತವಾಗಿ ಮಾತನಾಡಿದರೂ ಜನ ದೂಷಿಸುತ್ತಾರೆ ಎಂಬುದು ಬುದ್ಧರ ಉತ್ತರದ ತಾತ್ಪರ್ಯ.

ಇದನ್ನು ನಮ್ಮೂರ ಮದುವೆಗೆ ಹೊಂದಿಸಿ ನೋಡಿ. ಮದುಮಗ ಕುಣಿಯದಿದ್ದರೆ ಬಿಗುಮಾನ. ಚೆನ್ನಾಗಿ ಕುಣಿದರೆ ಮರ್ಯಾದೆ ಇಲ್ಲ. ಸ್ವಲ್ಪ ಕುಣಿದರೆ ಬರುವುದಿಲ್ಲ ಪಾಪ. ಮದುಮಗಳ ಮೇಲಂತೂ ಇದರ ಎರಡರಷ್ಟು. ತಲೆ ತಗ್ಗಿಸಿದರೆ ಮೊದ್ದು, ಎತ್ತಿದರೆ ಜೋರು. ನಿಂದೆ ಮತ್ತು ಪ್ರಶಂಸೆ ಎಂಟು ಲೋಕಧರ್ಮಗಳಲ್ಲಿ ಒಂದು ಜೋಡಿ, ಎತ್ತಿನ ಹಿಂದೆ ಗಾಡಿ ಬಂದ ಹಾಗೆ ಅವು ಬಂದೇ ಬರುತ್ತವೆ. ಯಾವ ದಾರಿ ಹಿಡಿದರೂ ಮಾತು ತಪ್ಪದು ಎಂದ ಮೇಲೆ, ಮಾತಿನ ಭಯದಿಂದ ದಾರಿ ಆರಿಸುವುದು ವ್ಯರ್ಥ.

ಎಂ.ಎ. ತರಗತಿಯಲ್ಲಿ ಓದಿದ ಪಂಪನ ಆದಿಪುರಾಣದ ನೀಲಾಂಜನೆಯ ಪ್ರಸಂಗವೂ ನೆನಪಾಗುತ್ತದೆ. ಕ್ರಿ.ಶ. 941ರ ಕಾವ್ಯ. ಕುಣಿಯುತ್ತಿರುವಾಗಲೇ ನೀಲಾಂಜನೆಯ ಆಯುಷ್ಯ ಮುಗಿಯುತ್ತದೆ. ಇಂದ್ರ ಆ ಕ್ಷಣವೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಯಲ್ಲಿ ಯಾರಿಗೂ ತಿಳಿಯುವುದಿಲ್ಲ, ಆದಿದೇವನೊಬ್ಬನಿಗೆ ತಿಳಿಯುತ್ತದೆ, ಅಲ್ಲಿಂದ ಅವನ ವೈರಾಗ್ಯ. ಜೈನ ಕಾವ್ಯವಾದರೂ ನಮ್ಮ ಅನಿತ್ಯದ ಪಾಠವೇ. ನಾನು ಅದರಿಂದ ಒಂದು ಸಣ್ಣ ಮಾತನ್ನೂ ಕಲಿತೆ: ಇಡೀ ಸಭೆ ನೋಡುತ್ತಿತ್ತು, ಆದರೂ ಒಬ್ಬಳು ಹೋಗಿ ಇನ್ನೊಬ್ಬಳು ಬಂದದ್ದು ಕಾಣಲಿಲ್ಲ. ಹಾಗಿರುವಾಗ ನಿನ್ನ ಎಡಗಾಲು ತಾಳ ತಪ್ಪಿದ್ದು ಯಾರಿಗೆ ಕಾಣುತ್ತದೆ? ಅವರವರ ಕಣ್ಣು ಅವರವರ ಮೊಬೈಲಿನ ಮೇಲೆ ಇರುತ್ತದೆ.

*5. ಗಮನ ಎಲ್ಲಿರಬೇಕು?*

ಪ್ರತಿ ವರ್ಷ ಮಕ್ಕಳನ್ನು ಹಂಪಿಗೆ ಕರೆದುಕೊಂಡು ಹೋಗುತ್ತೇವೆ. ಹಜಾರ ರಾಮ ದೇವಾಲಯದ ಹೊರಗೋಡೆಯಲ್ಲಿ ಆನೆ, ಕುದುರೆ, ಸೈನಿಕರ ಸಾಲಿನ ಜೊತೆ ಕುಣಿಯುವ ಹೆಂಗಸರ ಸಾಲಿದೆ. ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಕುಣಿತವಿದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಅರಮನೆಯ ನೃತ್ಯಶಾಲೆಯ ಬಗ್ಗೆ ಬರೆದಿದ್ದಾನೆ. ಅಲ್ಲಿ ಒಂದೊಂದು ಕುಣಿತ ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ಕೆತ್ತಿಟ್ಟಿದ್ದರಂತೆ. ಕಲಿಯುವ ಹೆಂಗಸರು ಮರೆತರೆ ಅದನ್ನು ನೋಡಿ ನೆನಪು ಮಾಡಿಕೊಳ್ಳುತ್ತಿದ್ದರಂತೆ. ಅರಮನೆಯಲ್ಲಿ ಕುಣಿತವನ್ನೇ ಕಲಿಯುತ್ತಿದ್ದವರೂ ಮರೆಯುತ್ತಿದ್ದರು! ಪಾಳಿ ಮುಗಿಸಿ ಬಂದು ನಾಲ್ಕು ದಿನ ಅಭ್ಯಾಸ ಮಾಡಿದವನು ಮರೆತರೆ ಅದೇನು ದೊಡ್ಡ ವಿಷಯ?

ಆದರೆ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ಕುಣಿತ ರಾಜನಿಗಾಗಿ, ಅಪ್ಪಣೆಯ ಮೇಲೆ. ನಮ್ಮ ಹಿರಿಯರು ಬಾರಿಸಿ ಕುಣಿದದ್ದೂ ಬಹುಪಾಲು ಇನ್ನೊಬ್ಬರ ಅಪ್ಪಣೆಯ ಮೇಲೆಯೇ. ಸ್ವಂತ ಮದುವೆಯ ಕುಣಿತಕ್ಕೆ ಯಾರ ಅಪ್ಪಣೆಯೂ ಇಲ್ಲ, ಯಾರಿಗೂ ಅದು ಸೇವೆಯಲ್ಲ. ನಮ್ಮಲ್ಲಿ ಎಷ್ಟೋ ತಲೆಮಾರಿಗೆ ಸಿಗದ ಅವಕಾಶ ಅದು.

ಸಂಯುತ್ತ ನಿಕಾಯದಲ್ಲಿ ಒಂದು ಉಪಮೆ ಇದೆ. ನಾಡಿಗೇ ಸುಂದರಿಯಾದವಳು ಕುಣಿಯುತ್ತಿದ್ದಾಳೆ, ಜನ ಮುತ್ತಿದ್ದಾರೆ. ಆ ಗುಂಪಿನ ಮಧ್ಯೆ ಒಬ್ಬ ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆ ಹೊತ್ತು ನಡೆಯಬೇಕು. ಹನಿ ಚೆಲ್ಲಿದರೆ ಹಿಂದಿರುವವನ ಕತ್ತಿ ಕುತ್ತಿಗೆಗೆ. ಅವನ ಗಮನ ಅತ್ತಿತ್ತ ಹೋದೀತೇ? ಎಣ್ಣೆಯ ಪಾತ್ರೆ ಎಂದರೆ ಕಾಯಗತಾಸತಿ, ದೇಹದ ಮೇಲಿನ ಅರಿವು ಎಂದು ಬುದ್ಧರು ಬಿಡಿಸಿ ಹೇಳುತ್ತಾರೆ.

ನಮ್ಮ ಸೀಮೆಯಲ್ಲಿ ಇದನ್ನು ಕಣ್ಣಾರೆ ಕಾಣಬೇಕೆಂದರೆ ಜೋಗತಿ ಕುಣಿತ ನೋಡಬೇಕು. ತಲೆಯ ಮೇಲೆ ಕೊಡ, ಕೈ ಹಿಡಿಯುವಂತಿಲ್ಲ, ಮೈಯೆಲ್ಲ ಕುಣಿಯುತ್ತದೆ, ಕೊಡ ಮಾತ್ರ ನಿಂತಿರುತ್ತದೆ. ಹೊಸಪೇಟೆ ಪಕ್ಕದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರನ್ನು ಜನ ಆಡಿಕೊಂಡದ್ದು ಅಷ್ಟಿಷ್ಟಲ್ಲ. ಹೆಣ್ಣಾಗಿ ಬದುಕಲು ಹೊರಟದ್ದಕ್ಕೆ ಮನೆಯೇ ದೂರವಾಯಿತು. ಅದೇ ದೇಹದಲ್ಲಿ, ಅದೇ ಜನರ ಮುಂದೆ ಕುಣಿದು ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀ ಪಡೆದರು. ಗಮನ ಕೊಡದ ಮೇಲಿದ್ದಾಗ ಜನರ ಬಾಯಿಯ ಮೇಲೆ ಇರಲು ಸಾಧ್ಯವಿಲ್ಲ.

ಇನ್ನೊಂದು ಪಾಠ ಹಲಗಿಯಿಂದ. ಚರ್ಮ ಕಾಯಿಸದಿದ್ದರೆ ದನಿ ಮಂಕು, ಹೆಚ್ಚು ಕಾಯಿಸಿದರೆ ಬಿರಿಯುತ್ತದೆ. ಮನೆ ಬಿಡುವ ಮೊದಲು ವೀಣೆ ನುಡಿಸುತ್ತಿದ್ದ ಸೋಣ ಎಂಬ ಭಿಕ್ಖುವಿಗೆ ಬುದ್ಧರು ತಂತಿಯ ಮಾತು ಹೇಳಿದ್ದೂ ಇದನ್ನೇ. ತೀರಾ ಬಿಗಿಯೂ ಬೇಡ, ತೀರಾ ಸಡಿಲವೂ ಬೇಡ. ಆ ಪಾಠ ನನ್ನ ಕಣ್ಣ ಮುಂದೆ ಬೆಂಕಿಯ ಪಕ್ಕ ಕೂತಿತ್ತು, ನಾನು ಮಾತ್ರ ಬಿರಿಯುವಷ್ಟು ಬಿಗಿಯಾಗಿದ್ದೆ.

*6. ಯಾವ ಸಂಭ್ರಮ ಒಳ್ಳೆಯದು?*

ನಮ್ಮ ಜಿಲ್ಲೆಯ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳದಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಬಳ್ಳಾರಿ ದಾಟಿ ಗುತ್ತಿ ಕಡೆ ಹೋದರೆ ಎರ್ರಗುಡಿಯಲ್ಲಿ ದೊಡ್ಡ ಶಿಲಾಶಾಸನಗಳೂ ಇವೆ. ಅವುಗಳಲ್ಲಿ ಮೊದಲನೆಯದರಲ್ಲಿ ಅಶೋಕ ಪ್ರಾಣಿಬಲಿಯನ್ನು ನಿಲ್ಲಿಸಿ, "ಸಮಾಜ" ಎಂಬ ಮೋಜಿನ ಕೂಟಗಳಲ್ಲಿ ಬಹಳ ದೋಷ ಕಾಣುತ್ತೇನೆ ಎನ್ನುತ್ತಾನೆ. ಕೂಡಲೇ, ಒಳ್ಳೆಯವೆಂದು ತಾನು ಒಪ್ಪುವ ಕೆಲವು ಸಮಾಜಗಳೂ ಇವೆ ಎಂದು ಸೇರಿಸುತ್ತಾನೆ. ಎಲ್ಲವನ್ನೂ ನಿಷೇಧಿಸಲಿಲ್ಲ, ಆರಿಸಿದ.

ಒಂಬತ್ತನೆಯ ಶಾಸನ ಮದುವೆಯ ಮಾತನ್ನೇ ಎತ್ತುತ್ತದೆ. ಕಾಯಿಲೆಗೆ, ಮಕ್ಕಳ ಮದುವೆಗೆ, ಪ್ರಯಾಣಕ್ಕೆ ಜನ ನಾನಾ ಮಂಗಲಕಾರ್ಯ ಮಾಡುತ್ತಾರೆ, ಮಾಡಲಿ, ಆದರೆ ಅವುಗಳ ಫಲ ಅಲ್ಪ ಎನ್ನುತ್ತಾನೆ. ಹೆಚ್ಚು ಫಲ ಕೊಡುವುದು ಧಮ್ಮಮಂಗಲ. ಅದು ಯಾವುದೆಂದರೆ ದಾಸರನ್ನು, ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರಿಗೆ ಗೌರವ, ಜೀವಿಗಳ ಮೇಲೆ ಸಂಯಮ, ಶ್ರಮಣ ಬ್ರಾಹ್ಮಣರಿಗೆ ದಾನ.

ಇದನ್ನು ಓದಿದಾಗಲೆಲ್ಲ ನನಗೆ ಹಂದರದ ಹೊರಗೆ ನಿಂತು ಕೊನೆಗೆ ಉಂಡ ಹಲಗಿಯವರು ಕಣ್ಣ ಮುಂದೆ ಬರುತ್ತಾರೆ. ನಮ್ಮ ಮದುವೆಗಳಲ್ಲಿ ಬ್ಯಾಂಡಿನ ಹುಡುಗರು, ಡಿಜೆ ಹಿಡಿದವನು, ಅಡುಗೆಯವರು ಯಾವಾಗ ಉಣ್ಣುತ್ತಾರೆ ಎಂದು ನಾವು ನೋಡಿದ್ದೇವೆಯೇ? ಕುಣಿತ ಧಮ್ಮಕ್ಕೆ ಒಪ್ಪುತ್ತದೋ ಇಲ್ಲವೋ ಎಂಬುದರ ಅರ್ಧ ಉತ್ತರ ಅಲ್ಲಿದೆ.

*7. ತಮ್ಮನಿಗೆ ಕೆಲವು ಮಾತು*

▪️ ಮೊದಲು ಆಕೆಯ ಜೊತೆ ಕೂತು ಮಾತನಾಡು. ಭಯವಿದ್ದರೆ ಭಯವಿದೆ ಎಂದೇ ಹೇಳು. ಶೀಲದ ಮರೆ ಬೇಡ. ಎಲ್ಲ ಕೇಳಿಯೂ ನಿನಗೆ ನಿಜವಾಗಿ ಮನಸ್ಸಿಲ್ಲದಿದ್ದರೆ ಕುಣಿಯಬೇಡ, ಅದರಲ್ಲಿ ಕೊರತೆ ಏನಿಲ್ಲ. ಆಕೆಗೆ ಒಬ್ಬಳೇ ಕುಣಿಯುವ ಮನಸ್ಸಿದ್ದರೆ ತಡೆಯಬೇಡ.

▪️ ವೇದಿಕೆ ಭಯ ಹುಟ್ಟಿಸಿದರೆ ಕೆಳಗೆ ಇಳಿ. ಸಂಡೂರು ಗುಡ್ಡದ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ಸುತ್ತಾಗಿ ಕುಣಿಯುತ್ತಾರೆ, ಕೋಲಾಟವೂ ಹಾಗೆಯೇ. ಸುತ್ತಿನಲ್ಲಿ ಕುಣಿಯುವವರು ಬೇರೆ, ನೋಡುವವರು ಬೇರೆ ಎಂದಿರುವುದಿಲ್ಲ. ನಿನ್ನ ಅವ್ವನನ್ನು, ಆಕೆಯ ಅಪ್ಪನನ್ನು, ಗೆಳೆಯರನ್ನು ಸುತ್ತಿಗೆ ಕರೆ.

▪️ ದಿನಕ್ಕೆ ಹತ್ತು ನಿಮಿಷ ಬರಿಗಾಲಲ್ಲಿ ಅಭ್ಯಾಸ ಮಾಡು. ನಾವು ನಡಿಗೆ ಧ್ಯಾನದಲ್ಲಿ ಮಾಡುವಂತೆ ಗಮನವನ್ನು ಅಂಗಾಲಿನಲ್ಲಿಡು. ಎತ್ತಿತು, ಇಟ್ಟಿತು. ಮದುವೆಯ ದಿನ ಸಂಕೋಚ ಎದ್ದರೆ ಅದರ ಜೊತೆ ಜಗಳ ಬೇಡ. "ಸಂಕೋಚ ಬಂದಿದೆ" ಎಂದು ಗುರುತಿಸಿ ಮತ್ತೆ ಅಂಗಾಲಿಗೆ ಬಾ. ಅದೂ ಬಂದ ಹಾಗೆ ಹೋಗುತ್ತದೆ.

▪️ ಹಿರಿ ಒತ್ತಪ್ಪವನ್ನು ಸರಿಯಾದ ಜಾಗದಲ್ಲಿ ಬಳಸು. ಸಾಲ ಮಾಡಿ ಡಿಜೆ ತರಿಸಲು ನಾಚು. ಗೆಳೆಯರಿಗೆ ಬಾಟಲಿ ಕೊಡಿಸಲು ನಾಚು. ಬರುವುದಿಲ್ಲ ಎನ್ನುವ ಹುಡುಗಿಯ ಕೈ ಹಿಡಿದು ಎಳೆಯುವವನನ್ನು ಕಂಡೂ ಸುಮ್ಮನಿರಲು ನಾಚು. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯೂ ಇದೆ. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಗುವಿದೆ, ರಾತ್ರಿ ಪಾಳಿ ಮುಗಿಸಿ ಬಂದವರಿದ್ದಾರೆ.

▪️ ಬಾರಿಸುವವರಿಗೆ ನಿಮ್ಮ ಸಾಲಿನಲ್ಲೇ ಎಲೆ ಹಾಕಿಸು.

▪️ ಕೊನೆಯದು, ಮುಖ್ಯವಾದದ್ದು. ಯಾರಾದರೂ ಪ್ರೀತಿಯಿಂದ ಕೈ ಚಾಚಿದರೆ, ಕುರ್ಚಿಗಳ ಕಡೆ ನೋಡಬೇಡ. ಚಾಚಿದವರ ಮುಖ ನೋಡು. ಆಮೇಲೆ ತೀರ್ಮಾನ ಮಾಡು.

ಅಪ್ಪನ ಹಲಗಿ ಇನ್ನೂ ನಮ್ಮ ಮನೆಯಲ್ಲೇ ಇದೆ. ಚರ್ಮ ಒಣಗಿ ಸೀಳಿತ್ತು. ಈ ವಾರ ಹೊಸ ಚರ್ಮ ಕಟ್ಟಿಸಲು ಕೇರಿಯ ಹಿರಿಯರೊಬ್ಬರಿಗೆ ಕೊಟ್ಟಿದ್ದೇನೆ. ನನಗೆ ಬಾರಿಸಲು ಬರುವುದಿಲ್ಲ, ಕಲಿಯಲಿಲ್ಲ. ನಿನ್ನ ಮದುವೆಗೆ ಅದನ್ನು ತರುತ್ತೇನೆ, ಬಾರಿಸಬಲ್ಲವರು ಬಾರಿಸಲಿ. ನಾನು ಎರಡು ಹೆಜ್ಜೆ ಹಾಕುತ್ತೇನೆ. ತಾಳ ತಪ್ಪಿದರೆ ನೀವೆಲ್ಲ ನಗಬಹುದು.

*ಇಂದಿನ ಮನನಕ್ಕೆ:*
1. ಇತ್ತೀಚೆಗೆ ನಾನು ಯಾವುದಕ್ಕೆ ನಾಚಿದೆ? ಅದು ಹಿರಿಯೋ, ಮಾನವೋ?
2. ನನ್ನ ಬಿಗುಮಾನದಿಂದ ಯಾರ ಸಂತೋಷ ಅರ್ಧಕ್ಕೆ ನಿಂತಿತು? ಅವರು ಇನ್ನೂ ಇದ್ದರೆ ಇಂದೇ ಒಂದು ಫೋನ್ ಮಾಡಬಹುದೇ?

ಭಾನುವಾರ ಸಂಜೆ ಎಂದಿನ ಜಾಗದಲ್ಲಿ ಸೇರೋಣ. ಸಿಗಾಲೋವಾದ ಸುತ್ತವನ್ನು ಒಮ್ಮೆ ಓದಿಕೊಂಡು ಬನ್ನಿ. ಬೇಕಾದವರಿಗೆ ಕಳುಹಿಸಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏